ಬೆನ್ನು ತಿರುಗಿಸಿ ಹೇಳಿದ್ದು

ನಮ್ಮಿಬ್ಬರ ಗಂಡ ಮಚಾನೊ ತೀರಿಕೊಂಡ ದಿನದಿಂದ ನಮ್ಮ ಮನೆಯಲ್ಲಿ ಜಗಳ ನಿಂತುಹೋಯಿತು. ಓಣಿಯವರಿಗೆ ಅದರಿಂದ ಸಮಾಧಾನವಾಯಿತು. ಸವತಿಯರಿಬ್ಬರಿಗೂ ಕೊನೆಗೂ ಬುದ್ಧಿ ಬಂತು ಎಂದು ನಲ್ಲಿಯ ಹತ್ತಿರ ಮಾತಾಡಿಕೊಂಡರಂತೆ. ಬುದ್ಧಿ ಬಂದಿರಲಿಲ್ಲ. ಇಬ್ಬರೂ ಇದ್ದತ್ತಿಗೆ ಕೂತಿದ್ದೆವು, ಅಷ್ಟೆ. ಗಂಡ ಸತ್ತವಳು ನಾಲ್ಕು ತಿಂಗಳು ಚಿಲ್ಲರೆ ದಿನ ಹೊಸ್ತಿಲು ದಾಟಬಾರದು, ಬಿಳಿ ಬಟ್ಟೆ ಬಿಟ್ಟು ಬೇರೇನನ್ನೂ ಉಡಬಾರದು. ಬಿಳಿ ಬಟ್ಟೆಯ ಮೇಲೆ ಅಕ್ಷರ ಇರುವುದಿಲ್ಲ. ಅಕ್ಷರ ಇಲ್ಲದ ಮೇಲೆ ನಾನೂ ಸಲ್ಮೆಯೂ ಜಗಳವಾಡುವುದಾದರೂ ಹೇಗೆ?

ನಾವು ಹೆಂಗಸರು ಸುತ್ತಿ ಉಡುವ ಕಂಗಾ ಬಟ್ಟೆಗಳ ಕೆಳ ಅಂಚಿನಲ್ಲಿ ಒಂದೊಂದು ಸಾಲು ಅಚ್ಚಾಗಿರುತ್ತದೆ. ದೇವರ ಮಾತೋ, ಬುದ್ಧಿಮಾತೋ, ನೆರೆಯವಳಿಗೆ ಚುಚ್ಚುಮಾತೋ, ಅಂಗಡಿಯವನು ತರಿಸಿದ್ದು. ಸುತ್ತಿ ಉಟ್ಟಾಗ ಆ ಸಾಲು ಸೊಂಟದ ಹಿಂದೆ ಬಂದು ಕೂರುತ್ತದೆ. ಯಾರಿಗಾದರೂ ಏನಾದರೂ ಹೇಳಬೇಕಿದ್ದರೆ ಅವರಿಗೆ ಬೆನ್ನು ತಿರುಗಿಸಿ ನಡೆದುಹೋದರೆ ಸಾಕು. ಓದಿದವಳು ಏನು ಮುಖ ಮಾಡಿದಳು ಎಂದು ತಿರುಗಿ ನೋಡಬಾರದು. ನೋಡಿದರೆ ಸೋತ ಹಾಗೆ.

ಸಲ್ಮೆ ಎರಡನೆಯವಳಾಗಿ ಈ ಮನೆಗೆ ಬಂದಾಗ ನನ್ನ ಮಗ ಹಾಜಿ ಹೊಟ್ಟೆಯಲ್ಲಿದ್ದ. ಬಂದ ಮೊದಲನೆಯ ವಾರವೇ ನಾನೊಂದು ಹಳದಿ ಕಂಗಾ ಉಟ್ಟು ಅವಳ ಕೋಣೆಯ ಮುಂದೆ ಅಂಗಳ ಗುಡಿಸಿದೆ: "ಒಳ್ಳೆಯ ಹೆಂಡತಿ ಮನೆಯ ದೀಪ." ಮಾರನೆಯ ದಿನ ಅವಳು ಅದೇ ಸಾಲಿನ ಕಂಗಾ ಉಟ್ಟು ನನ್ನ ಒಲೆಯ ಮುಂದೆ ಹಾದುಹೋದಳು. ಸಾಲಿನ ತುದಿಗೆ, ಬೇರೆ ಯಾವುದೋ ಹಳೆಯ ಬಟ್ಟೆಯಿಂದ ಕತ್ತರಿಸಿದ ಪದಗಳನ್ನು ಜೋಡಿಸಿ ಹೊಲಿದಿದ್ದಳು: "ಎಣ್ಣೆ ನಾನು." ಚಪಾತಿ ಲಟ್ಟಿಸುತ್ತಿದ್ದ ನನ್ನ ಕೈ ನಿಂತುಹೋಯಿತು. ಇವಳು ಸುಮ್ಮನೆ ಬಂದವಳಲ್ಲ ಅನ್ನಿಸಿತು.

ಅವಳ ಹತ್ತಿರ ಹೊಲಿಗೆ ಯಂತ್ರವಿತ್ತು. ಓಣಿಯವರ ಕಂಗಾಗಳಿಗೆಲ್ಲ ಅಂಚು ಹೊಲಿದುಕೊಡುತ್ತಿದ್ದಳು, ಉಳಿದ ಚೂರುಗಳಿಂದ ಪದ ಆರಿಸಿಕೊಳ್ಳುತ್ತಿದ್ದಳು. ನನಗೆ ಹೊಲಿಗೆ ಬಾರದು. ಬೆಳಗಿನಿಂದ ಮಾರಾಟಕ್ಕೆ ಸಿಹಿ ಹಿಟ್ಟಿನ ಮಂದಾಜಿ ಕರಿಯುವುದು, ಮಧ್ಯಾಹ್ನ ಚಪಾತಿ, ನಡುವೆ ಮಕ್ಕಳ ಸಮವಸ್ತ್ರ ಒಗೆಯುವುದು. ಸೂಜಿ ಹಿಡಿಯುವ ಪುರುಸೊತ್ತು ಎಲ್ಲಿಯದು? ನನ್ನ ಉಪಾಯ ಮಡಿಕೆ. ಸಾಲಿನ ಬೇಡದ ಭಾಗವನ್ನು ಮಡಿಸಿ ಒಳಗೆ ಸೇರಿಸಿ ಪಿನ್ನು ಚುಚ್ಚಿದರೆ ಉಳಿದದ್ದು ಬೇರೆಯೇ ಮಾತಾಗುತ್ತದೆ. "ತಾಯಿಯ ಆಶೀರ್ವಾದ ಇದ್ದವಳಿಗೆ ಯಾರ ಭಯವೂ ಇಲ್ಲ, ದೇವರೊಬ್ಬನ ಭಯ ಬಿಟ್ಟು" ಎಂದಿದ್ದರೆ ದೇವರನ್ನು ಮಡಿಕೆಯೊಳಗೆ ಕಳಿಸುತ್ತಿದ್ದೆ. ಅವಳು ಮರುದಿನ "ತಾಯಿಯ ಆಶೀರ್ವಾದ"ಕ್ಕೆ "ಏಳು ಮನೆಗೆ ಕೇಳಿಸುತ್ತದೆ" ಎಂದು ಹೊಲಿದುಕೊಂಡು ಬರುತ್ತಿದ್ದಳು. ನಾನು ಮಕ್ಕಳನ್ನು ಬೈಯುವ ದನಿಗೆ ಅದು. "ಬೇಗ ಎದ್ದವಳು ಅದೃಷ್ಟವನ್ನೂ ಎಬ್ಬಿಸುತ್ತಾಳೆ" ಎಂಬ ಕಂಗಾದ ಬಾಲ ಕಿತ್ತು "ಬೇಗ ಎದ್ದವಳು ಎಲ್ಲರಿಗೂ ಚಹಾ ಕಾಸುತ್ತಾಳೆ" ಎಂದು ಮಾಡಿದ್ದೂ ಅವಳೇ. ಅದನ್ನುಟ್ಟು ಅವಳು ನನ್ನ ಚಹಾದ ಪಾತ್ರೆಯ ಮುಂದೆಯೇ ಬೆನ್ನು ಹಾಕಿ ನಿಂತಾಗ, ಅವಳ ಲೋಟಕ್ಕೆ ಶುಂಠಿ ಎರಡರಷ್ಟು ಹಾಕಿದೆ. ಕೆಮ್ಮಿದಳು, ಬಿಡದೆ ಕುಡಿದಳು.

ಮಚಾನೊಗೆ ಓದಲು ಬರುತ್ತಿರಲಿಲ್ಲ. ದೋಣಿಯ ಬಡಗಿ; ಹಲಗೆಯ ನಾರು ಓದುತ್ತಿದ್ದ, ಅಕ್ಷರ ಅಲ್ಲ. ಇಬ್ಬರು ಹೆಂಡಿರಿಗೂ ಸಮಸಮ ಕೊಡಬೇಕೆಂಬ ಧರ್ಮಕ್ಕೆ ಹೆದರಿ, ಒಂದು ಈದ್‌ಗೆ ಇಬ್ಬರಿಗೂ ಒಂದೇ ಬಣ್ಣದ, ಒಂದೇ ಅಚ್ಚಿನ ಕಂಗಾ ತಂದ. ನಸುಗೆಂಪು, ತುಂಬ ಚೆಂದ. ಸಾಲು ಮಾತ್ರ ಹೀಗಿತ್ತು: "ನಿನ್ನನ್ನು ನೋಡಿದರೆ ನಗು ಬರುತ್ತದೆ, ಅಳಿಸುವಷ್ಟು ದೊಡ್ಡವಳಲ್ಲ ನೀನು." ಈದ್‌ನ ಬೆಳಿಗ್ಗೆ ನಾವಿಬ್ಬರೂ ಅದನ್ನೇ ಉಟ್ಟು ಅವನ ಎರಡು ಪಕ್ಕದಲ್ಲಿ ಓಣಿಯುದ್ದಕ್ಕೂ ನಡೆದೆವು.

"ನನ್ನ ಹೆಂಡ್ತೀರು ಒಂದೇ ಥರ ಉಟ್ಕೊಂಡಿದಾರೆ, ನೋಡ್ರಪ್ಪ!" ಎಂದು ಅವನು ಸಿಕ್ಕವರಿಗೆಲ್ಲ ಹೇಳಿದ. ಹಿಂದೆ ಬರುತ್ತಿದ್ದವರು ಓದಿ ಓದಿ ನಕ್ಕರು. ಮನೆಗೆ ಬಂದು ನನ್ನ ಕೋಣೆಯ ಬಾಗಿಲು ಹಾಕಿ ಬಾಯಿಗೆ ಸೆರಗು ತುರುಕಿಕೊಂಡು ನಗುವಾಗ, ಗೋಡೆಯಾಚೆ ಅವಳೂ ನಗುತ್ತಿರುವುದು ಕೇಳಿಸಿತು. ಇಬ್ಬರೂ ತಟ್ಟನೆ ನಿಲ್ಲಿಸಿದೆವು. ಅವಳಿಗೂ ಕೇಳಿಸಿರಬೇಕು.

ಇಷ್ಟು ವರ್ಷ ಬಾಯಲ್ಲಿ ಆಡಿದ್ದೆಂದರೆ ನೀರು ಬಂತು, ಉಪ್ಪು ಮುಗಿಯಿತು, ಹಾಜಿಗೆ ಜ್ವರ, ಇಷ್ಟೇ. ಮಿಕ್ಕಿದ್ದೆಲ್ಲ ಬಟ್ಟೆಯಲ್ಲಿ.

ಇದ್ದತ್ತಿನ ಮೊದಲ ತಿಂಗಳು ಅಳುವುದರಲ್ಲಿ ಹೋಯಿತು. ಎರಡನೆಯ ತಿಂಗಳಿಂದ ಮನೆ ಖಾಲಿ ಅನ್ನಿಸತೊಡಗಿತು. ಮಚಾನೊ ಇಲ್ಲದ್ದು ಒಂದು ಖಾಲಿ. ಇದು ಇನ್ನೊಂದು. ಎದುರಿಗೆ ಬಿಳಿ ಬಟ್ಟೆಯ ಒಂದು ಬೆನ್ನು ಹೋಗುತ್ತದೆ, ಬರುತ್ತದೆ, ಅದರಲ್ಲಿ ಏನೂ ಇಲ್ಲ. ನಾನು ಹಿಟ್ಟು ನಾದಿಕೊಟ್ಟರೆ ಮಗಳು ಝಕಿಯಾ ಬಾಗಿಲ ಹೊರಗೆ ಒಲೆ ಹೂಡಿ ಕರಿದು ಮಾರುತ್ತಿದ್ದಳು. ಒಳಬಂದರೆ ಅವಳ ಕೈಯಲ್ಲಿ ಫೋನು. ಹಾಜಿಗೆ ಚೆಂಡು. ಗಿರಾಕಿಗಳಿಗೆ ನಾನು ಹೇಗಿದ್ದೇನೆ ಎಂದು ಕೇಳುವ ಕೆಲಸವಿಲ್ಲ, ಮಂದಾಜಿ ಬಿಸಿಯಿದೆಯೇ ಎಂದು ಕೇಳಿದರೆ ಆಯಿತು. ಈ ಊರಲ್ಲಿ ನಾನು ಏನಾದರೂ ಅಂದರೆ ಅದಕ್ಕೆ ಕೂತು ಯೋಚಿಸಿ, ಪದ ಹುಡುಕಿ, ದಾರ ಪೋಣಿಸಿ ಉತ್ತರ ಕೊಡುತ್ತಿದ್ದವಳು ಒಬ್ಬಳೇ ಎಂದು ನನಗೆ ಆಗ ಗೊತ್ತಾಯಿತು.

ಇದ್ದತ್ತು ಮುಗಿಯಲು ಸ್ವಲ್ಪ ದಿನ ಇರುವಾಗ ಮಚಾನೊನ ಅಕ್ಕ ಬಿ ರುಕಿಯಾ ಬಂದಳು; ಮರ್ಯಾದೆಗೆ ಹೆಂಗಸರನ್ನು ನಮ್ಮಲ್ಲಿ 'ಬಿ' ಸೇರಿಸಿ ಕರೆಯುವುದು. ಚಾಪೆಯ ಮೇಲೆ ಕೂತು, ಕಾಲು ನೀವಿಕೊಳ್ಳುತ್ತ, ಸಲ್ಮೆಯ ಕೋಣೆಯ ಕಡೆ ಗದ್ದ ಎತ್ತಿ ತೋರಿಸಿದಳು.

"ನಿಂಗಿನ್ನು ನೆಮ್ಮದಿ ಕಣೇ ಹಿದಾಯಾ. ಅವಳ ಅಣ್ಣ ಖಮಿಸಿ ಪೆಂಬಾ ದ್ವೀಪದಿಂದ ಬರ್ತಿದಾನೆ. ಇದ್ದತ್ತು ಮುಗಿದ ಮಾರನೇ ದಿನದ ದೋಣಿಗೆ ಕರ್ಕೊಂಡು ಹೋಗ್ತಾನಂತೆ."

"ಅವಳು ಹೂಂ ಅಂದ್ಲಾ?"

"ಬೇಡ ಅಂತ ಯಾಕಂತಾಳೆ? ಇಲ್ಲಿ ಅವಳಿಗೇನಿದೆ? ಮಗು ಇಲ್ಲ, ಗಂಡ ಇಲ್ಲ. ಇರೋದು ನೀನು."

"ಹೌದು," ಎಂದೆ. "ಇರೋದು ನಾನು."

"ಏನ್ ಮುಖ ಮಾಡ್ತೀಯೇ? ಆ ಕೋಣೆ ಖಾಲಿಯಾದ್ರೆ ಝಕಿಯಾಗೆ ಆಗತ್ತೆ. ಇನ್ಮೇಲೆ ಹಿಂದೆ ಮುಂದೆ ನೋಡ್ದೆ ಉಟ್ಕೊಂಡು ಓಡಾಡು."

ಇರು ಎಂದು ಸಲ್ಮೆಗೆ ನಾನು ಬಾಯಿಬಿಟ್ಟು ಹೇಳಬಹುದಿತ್ತು. ಒಂದೇ ಗೋಡೆ ನಡುವೆ. ಎರಡು ಸಲ ಅವಳ ಬಾಗಿಲವರೆಗೂ ಹೋದೆ. ಒಂದು ಸಲ ನೀರು ಬಂತು ಎಂದು ಹೇಳಿ ಬಂದೆ. ಇನ್ನೊಂದು ಸಲ ಅದನ್ನೂ ಹೇಳಲಿಲ್ಲ. ಬಾಯಿಗೆ ಅಭ್ಯಾಸ ಇಲ್ಲ. ಬಟ್ಟೆಯಲ್ಲೇ ಹೇಳಿಬಿಡೋಣ ಎಂದುಕೊಂಡೆ. ಇದ್ದತ್ತು ಮುಗಿಯಲಿ.

ಮುಗಿದ ಬೆಳಿಗ್ಗೆ ಬಿ ರುಕಿಯಾ ನಮ್ಮಿಬ್ಬರಿಗೂ ತಲೆಗೆ ನೀರೆರೆಸಿ, ಬಿಳಿ ಬಟ್ಟೆ ಬಿಚ್ಚಿಸಿ ತೆಗೆದುಕೊಂಡು ಹೋದಳು. ಮಧ್ಯಾಹ್ನ ನಾನು ದರಾಜನಿಯ ಸಂತೆಗೆ ಹೋದೆ. ಬಿಸಿಲು ಕಣ್ಣಿಗೆ ಒಗ್ಗಲಿಲ್ಲ. ತಾಹೆರಲಿಯ ಅಂಗಡಿಯಲ್ಲಿ ಕಂಗಾಗಳು ಚಾವಣಿಯಿಂದ ಜೋತುಬಿದ್ದಿದ್ದವು. ಕೆಳಗೆ ಮುದುಕ ಬೀಸಣಿಗೆ ಹಿಡಿದು ಕೂತಿದ್ದ.

"ಬನ್ನಿ ಬಿ ಹಿದಾಯಾ, ಬನ್ನಿ. ನೀವಿಲ್ದೆ ವ್ಯಾಪಾರಾನೇ ಇಲ್ಲ. ನೀವು ಒಂದು ತಗೊಂಡ್ರೆ ಸಲ್ಮೆಯವರು ಒಂದು ತಗೋತಿದ್ರು. ಏನು ಕೊಡ್ಲಿ? ಹೊಸದು ಬಂದಿದೆ, ಕೇಳಿ: 'ನಿನ್ನ ಕಣ್ಣು ನನ್ನ ತಟ್ಟೆಯಲ್ಲಿ, ನಿನ್ನ ಅನ್ನ ತಣ್ಣಗಾಯಿತು.' ಬೆಂಕಿ ಇದ್ದಂಗಿದೆ!"

"ಅಂಥದ್ದು ಬೇಡ."

"ದೇವರದ್ದು ಬೇಕಾ? 'ಕೊಟ್ಟವನೂ ಅವನೇ, ಕಾಯುವವನೂ ಅವನೇ.' ಶೋಕ ಕಳೆದವರು ಇದನ್ನೇ ಒಯ್ಯೋದು."

"ಅದೂ ಬೇಡ. ಇರು ಅನ್ನೋಂಥದ್ದು ಇದ್ರೆ ಕೊಡಿ."

"ಏನಿರು?"

"ಹೋಗ್ಬೇಡ. ಇಲ್ಲೇ ಇರು. ಹಂಗೆ."

ತಾಹೆರಲಿ ಬೀಸಣಿಗೆ ನಿಲ್ಲಿಸಿ ನನ್ನನ್ನೇ ನೋಡಿದ. "ಹೋಗು ಅನ್ನೋಕೆ ನೂರು ಥರ ಇಟ್ಟಿದೀನಿ ತಾಯಿ. ಸುಟ್ಟುಕೋ ಅನ್ನೋಕೆ ಇದೆ, ನಿನ್ನ ಗಂಡನೂ ನಂಗೆ ಬೇಕು ಅನ್ನೋಕೂ ಇದೆ. ಇರು ಅನ್ನೋದನ್ನ ಇವತ್ತಿನವರೆಗೆ ಯಾರೂ ಕೇಳಿಲ್ಲ."

ಆದರೂ ಎದ್ದ. ಹಿಂದಿನ ಕಪಾಟಿನ ತಳದಿಂದ ಒಂದೊಂದೇ ಎಳೆದು, ಅಂಚು ಬಿಡಿಸಿ ಗಟ್ಟಿಯಾಗಿ ಓದಿದ. "'ನಗುವ ಮನೆಗೆ ನೆಂಟರು ತಾವಾಗಿ ಬರುತ್ತಾರೆ.' ಬೇಡ್ವಾ? ಊಟದ ಹೊತ್ತಿಗೇ ಬರ್ತಾರೆ ಅಂತ ನಿಮ್ಮ ಸಲ್ಮೆ ಬಾಲ ಹೊಲಿದಿದ್ರು, ಅಂಗಡಿಯವರೆಲ್ಲ ನಕ್ಕಿದ್ರು. ಇದು ನೋಡಿ, 'ಜಾಗ ಇಲ್ಲ ಅನ್ನುವ ಮಾತು ಪ್ರೀತಿಗೆ ಗೊತ್ತಿಲ್ಲ.'"

"ಅದನ್ನ ನಾನು ಮುಂಚೆ ಉಟ್ಟಿದೀನಿ. ಮೊದಲೆರಡು ಪದ ಬಿಟ್ಟು ಮಿಕ್ಕಿದ್ದು ಮಡಿಸಿ."

"ಹಂಗಾದ್ರೆ ಅದು ಹಾಳಾಯ್ತು." ಕೊನೆಗೆ ಅವನ ಕೈಗೆ ಕೆಸರು ಬಣ್ಣದ ಒಂದು ತುಂಡು ಬಂತು. "ಇದೊಂದಿದೆ. ಜೋಡಿಯ ಇನ್ನೊಂದನ್ನ ಇಲಿ ಕಡಿದುಹಾಕ್ತು. ಒಂಟಿ ಕಂಗಾ ಯಾರು ತಗೋತಾರೆ? ಓದ್ತೀನಿ, ಕೇಳಿ. 'ನೀನಿಲ್ಲದ ಮನೆಯಲ್ಲಿ ನಾನು ಸುಖವಾಗಿರುತ್ತೇನೆ ಅಂದವರು ಯಾರು?'"

"ಇನ್ನೊಂದ್ಸಲ ಓದಿ."

ಓದಿದ. ಸೊಂಟದ ಗಂಟಿನಿಂದ ದುಡ್ಡು ಬಿಚ್ಚಿದೆ. ಹಡಗಿನಲ್ಲಿ ಹೋದ ಗಂಡಂದಿರಿಗಾಗಿ ಯಾವ ಕಾಲದಲ್ಲೋ ಅಚ್ಚು ಹಾಕಿಸಿದ್ದಿರಬೇಕು.

"ಅವರಿಗೇನಾ ಇದು? ಆ ಸಲ್ಮೆಗೆ?" ತಾಹೆರಲಿಗೆ ನಂಬಿಕೆ ಬರಲಿಲ್ಲ. "ಇದನ್ನ ನೋಡಿದ್ರೆ ಅವರು ಜ್ವರ ಬಂದು ಮಲಗ್ತಾರೆ."

ಮನೆಗೆ ಬಂದಾಗ ಸಂಜೆಯ ಹಿಟ್ಟು ಉಬ್ಬಿ ಪಾತ್ರೆಯಿಂದ ಹೊರಗೆ ಬರುತ್ತಿತ್ತು. ಝಕಿಯಾ ಒಲೆ ಹಚ್ಚಿರಲಿಲ್ಲ. ಹಾಜಿ ಮೊಣಕಾಲು ತರಚಿಕೊಂಡು ಬಂದು ಅಳುತ್ತಿದ್ದ. ಗಾಯ ತೊಳೆದೆ, ಒಲೆ ಹಚ್ಚಿಸಿದೆ, ಮಗಳನ್ನು ಬೈದೆ. ಬೈಯುತ್ತಲೇ ಕೋಣೆಗೆ ಹೋಗಿ ಅವಸರದಲ್ಲಿ ಕಂಗಾ ಉಟ್ಟು, ಪಿನ್ನು ಚುಚ್ಚಿ ಹೊರಗೆ ಬಂದೆ. ಸಲ್ಮೆ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು ಗೋಣಿಯಲ್ಲಿ ಸುತ್ತುತ್ತಿದ್ದಳು. ಅವಳ ಅಣ್ಣ ಆಗಲೇ ಬಂದು ಅಂಗಳದಲ್ಲಿ ಚಹಾ ಕುಡಿಯುತ್ತಿದ್ದ.

ನಾನು ಅವಳ ಮುಂದೆ ಹಾದುಹೋದೆ. ಪೊರಕೆ ತೆಗೆದುಕೊಂಡು ಅಲ್ಲೇ, ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದೆ. ಚೆನ್ನಾಗಿ ಬೆನ್ನು ಹಾಕಿ, ಬೇಕೆಂದೇ ನಿಧಾನಕ್ಕೆ. ಗೋಣಿಯ ಸದ್ದು ನಿಂತಿತು. ಓದುತ್ತಿದ್ದಾಳೆ. ತಿರುಗಿ ನೋಡಿಬಿಡಬೇಕೆಂದು ಕುತ್ತಿಗೆಯವರೆಗೂ ಬಂತು. ನೋಡಲಿಲ್ಲ.

ಗೋಣಿಯ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ. ಹಗ್ಗ ಬಿಗಿದ ಸದ್ದು. ಆಮೇಲೆ ಅವಳ ದನಿ, ನನಗಲ್ಲ: "ಅಣ್ಣಾ, ಬೆಳಗ್ಗೆ ಎಷ್ಟು ಬೇಗ ಹೊರಡಬಹುದೋ ಅಷ್ಟು ಬೇಗ ಹೊರಡೋಣ."

ಬೆಳಿಗ್ಗೆ ಅವಳು ಕೋಣೆಯಿಂದ ಹೊರಬಂದಾಗ ನೀಲಿ ಕಂಗಾ ಉಟ್ಟಿದ್ದಳು. ಮಕ್ಕಳಿಬ್ಬರ ತಲೆ ಸವರಿದಳು. ಹಾಜಿ "ಚಿಕ್ಕಮ್ಮಾ, ಯಾವಾಗ ಬರ್ತೀಯಾ?" ಎಂದು ಕೇಳಿದ್ದಕ್ಕೆ "ನಿಮ್ಮಮ್ಮನ್ನ ಕೇಳು," ಎಂದಳು. ನನ್ನ ಕಡೆ ತಲೆಯಾಡಿಸಿ, "ಒಲೆಯ ಪಕ್ಕದ ಡಬ್ಬೀಲಿ ಉಪ್ಪಿದೆ," ಎಂದಳು. ಆಮೇಲೆ ಬೆನ್ನು ತಿರುಗಿಸಿ ಹೊಸ್ತಿಲು ದಾಟಿದಳು. ನೀಲಿಯ ಮೇಲೆ, ರಾತ್ರಿಯೆಲ್ಲ ಕೂತು ಕೈಯಲ್ಲೇ ಹೊಲಿದ ಸೊಟ್ಟ ತೇಪೆ: "ಸುಖವಾಗಿರು. ಅಡ್ಡ ಬರುವುದಿಲ್ಲ."

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಅಂಥ ಮಾತು ಉಟ್ಟು ನಾನು ಅಂಗಲಾಚಿದರೆ, ಇವಳು ಹೀಗೆ ಮುಖಕ್ಕೆ ಎಸೆಯುವುದೇ? ಇಷ್ಟು ವರ್ಷದ ಜಗಳದಲ್ಲಿ ಇಷ್ಟು ಕೆಟ್ಟದ್ದನ್ನು ಅವಳು ಹೊಲಿದಿರಲಿಲ್ಲ. ಬಂದರಿನವರೆಗೆ ಝಕಿಯಾ ಹೋದಳು. ನಾನು ಹೋಗಲಿಲ್ಲ. ಕೆಸರು ಬಣ್ಣದ ಕಂಗಾ ಉಟ್ಟೇ ಮಲಗಿದ್ದೆ, ಉಟ್ಟೇ ಮಂದಾಜಿ ಕರಿದೆ. ಗಿರಾಕಿಗಳು ಬಂದರು, ಹೋದರು. ಒಬ್ಬಳು ನನ್ನ ಹಿಂದೆ ನಿಂತು ಓದಿ, "ಅಬ್ಬಾ ಬಿ ಹಿದಾಯಾ, ಹೋಗುವವಳನ್ನೂ ಬಿಡ್ಲಿಲ್ವಲ್ಲ ನೀವು!" ಎಂದು ನಕ್ಕಳು. ಯಾಕೆ ನಕ್ಕಳೆಂದು ತಿಳಿಯಲಿಲ್ಲ. ಕೇಳುವ ಮನಸ್ಸೂ ಇರಲಿಲ್ಲ.

ದೋಣಿ ಹೋದ ಎಷ್ಟೋ ಹೊತ್ತಿನ ಮೇಲೆ, ಸ್ನಾನಕ್ಕೆಂದು ಬಟ್ಟೆ ಬಿಚ್ಚುವಾಗ ಪಿನ್ನು ಕೈಗೆ ಚುಚ್ಚಿತು. ಎಡಬದಿಯ ಹಿಂದೆ, ಯಾವಾಗಲೂ ಚುಚ್ಚುವ ಜಾಗದಲ್ಲೇ ಇತ್ತು. ಬಿಡಿಸಿದೆ. ಮಡಿಕೆಯೊಳಗಿಂದ "ಅಂದವರು ಯಾರು?" ಹೊರಗೆ ಬಂತು.

ಯಾರು ಮಡಿಸಿದ್ದು ಎಂದು ಯಾರನ್ನು ಕೇಳಲಿ? ನನ್ನದೇ ಕೈ. ಮಗಳನ್ನು ಬೈಯುತ್ತ, ಹಾಜಿಯ ಮೊಣಕಾಲಿನ ಮೇಲೆ ಕಣ್ಣಿಟ್ಟು ಉಟ್ಟಿದ್ದೆ. ಕೈ ತನಗೆ ಗೊತ್ತಿದ್ದ ಕೆಲಸ ತಾನು ಮಾಡಿತ್ತು. ಸಾಲಿನ ಬಾಲ ಮಡಿಸುವುದು, ಚುಚ್ಚುವುದು. ಸಲ್ಮೆ ಓದಿದ್ದು ಉಳಿದಷ್ಟನ್ನು: ನೀನಿಲ್ಲದ ಮನೆಯಲ್ಲಿ ನಾನು ಸುಖವಾಗಿರುತ್ತೇನೆ. ಓದಿ, ಸುಖವಾಗಿರು ಎಂದು ಉತ್ತರ ಕೊಟ್ಟು ಹೋಗಿದ್ದಳು.

ಸ್ನಾನದ ಮನೆಯಲ್ಲಿ ಒದ್ದೆ ನೆಲದ ಮೇಲೆ ಆ ಬಟ್ಟೆ ಹಿಡಿದು ಕೂತೆ. ಝಕಿಯಾ ಹೊರಗಿನಿಂದ ಬಾಗಿಲು ತಟ್ಟಿದಳು.

"ಅಮ್ಮಾ, ಏನಾಯ್ತು? ಒಳಗೇ ಇದ್ಬಿಟ್ಟೆಯಲ್ಲ."

"ನಿನ್ ಚಿಕ್ಕಮ್ಮನ ನಂಬರ್ ಇದೆಯೇನೇ?"

"ಇದೆ. ನಿಂಗ್ಯಾಕೆ?" ಬಾಗಿಲಿಗೆ ಬಾಯಿ ಹಚ್ಚಿ, "ಅಮ್ಮಾ, ಇಬ್ರೂ ಒಂದೇ ಮನೇಲಿದ್ದಾಗ ಮಾತಾಡ್ಲಿಲ್ಲ. ಈಗ ಸಮುದ್ರದಾಚೆ ಕೂಗ್ತೀಯಾ?" ಎಂದಳು. ಹದಿನಾರರ ಬಾಯಿ. ಆದರೂ ನಂಬರು ತೆಗೆದು ಫೋನು ಕೊಟ್ಟಳು. ಆ ದಿನವೆಲ್ಲ ನಾನು ಅದನ್ನು ಒತ್ತಲಿಲ್ಲ. ಮಾರನೆಯ ದಿನವೂ ಇಲ್ಲ.

ಬುಧವಾರ, ಬೆಳಗಿನ ಗಿರಾಕಿ ಮುಗಿದ ಮೇಲೆ, ಮನೆಗೆ ಕೊನೆಯ ನಾಲ್ಕು ಮಂದಾಜಿ ಎಣ್ಣೆಗೆ ಬಿಟ್ಟು ಒತ್ತಿದೆ. ಎತ್ತಿದಳು. ಹಿಂದೆ ಕೋಳಿಗಳು ಕೂಗುತ್ತಿದ್ದವು.

"ಹಲೋ? ಝಕಿಯಾ?"

"ನಾನು."

ಜಾಲರಿ ಸೌಟು ಕೆಳಗಿಟ್ಟು ಗೋಡೆಗೆ ಒರಗಿ ಕೂತೆ.

"ಮಡಿಸಿಬಿಟ್ಟಿದ್ದೆ," ಎಂದೆ.

"ಏನು?"

"ಕಂಗಾ. ಪೂರ್ತಿ ಉಡಬೇಕಂತಲೇ ಉಟ್ಟಿದ್ದು. ಕೈ ತಾನಾಗಿ ಮಡಿಸ್ಬಿಡ್ತು. ಕೊನೆಯ ಎರಡು ಪದ ಒಳಗೆ ಹೋಗಿತ್ತು."

"ಏನಿತ್ತು ಒಳಗೆ?"

ಬಾಯಿ ತೆರೆದೆ. ಎಷ್ಟು ಸುಲಭದ ಪದಗಳು! ತಾಹೆರಲಿ ಅಂಚು ಬಿಡಿಸಿ ಗಟ್ಟಿಯಾಗಿ ಓದಿಬಿಟ್ಟಿದ್ದ. "ಅಂದವರು ಯಾರು, ಅಂತ," ಎಂದೆ.

ಅವಳು ಮನಸ್ಸಿನಲ್ಲೇ ಜೋಡಿಸುತ್ತಿದ್ದಿರಬೇಕು. ಒಂದು ಕೋಳಿ ಕೂಗಿ ನಿಲ್ಲಿಸುವಷ್ಟು ಹೊತ್ತಾಯಿತು.

"ಸುಳ್ಳು," ಎಂದಳು. "ಇಷ್ಟು ವರ್ಷ ನೀವು ಮಡಿಸಿದ್ದನ್ನೇ ಓದ್ಕೊಂಡು ಬಂದಿದೀನಿ ಬಿ ಹಿದಾಯಾ. ಈಗ ಒಳಗೆ ಒಳ್ಳೇದಿತ್ತು ಅಂದ್ರೆ ಹೆಂಗೆ ನಂಬ್ಲಿ?"

"ತಾಹೆರಲೀನ ಕೇಳು."

"ತಾಹೆರಲಿ ವ್ಯಾಪಾರಕ್ಕೆ ಏನು ಬೇಕಾದ್ರೂ ಹೇಳ್ತಾನೆ." ಆಮೇಲೆ, ಮೊದಲಿಗಿಂತ ಸಣ್ಣ ದನಿಯಲ್ಲಿ, "ಇವತ್ತು ಏನು ಉಟ್ಟಿದೀರಿ?" ಎಂದಳು.

ನೋಡಿಕೊಂಡೆ. ಒಗೆದು ಒಗೆದು ಅಕ್ಷರವೆಲ್ಲ ಹೋದ ಹಳೆಯದು, ತುಂಬ ಹಿಟ್ಟು. ಯಾವ ಸಾಲಿತ್ತೋ ನನಗೇ ಮರೆತಿತ್ತು.

"'ಗುರುವಾರದ ದೋಣಿಯಲ್ಲಿ ಜಾಗ ಇದೆ,'" ಎಂದೆ.

"ಅಂಥ ಕಂಗಾ ಯಾರೂ ಅಚ್ಚು ಹಾಕಿಲ್ಲ."

"ಹಾಕಿದಾರೆ. ಹೊಸದು."

"ಹೌದಾ? ಯಾವ ಕಡೆಯಿಂದ ಯಾವ ಕಡೆಗೆ ಹೋಗೋ ದೋಣಿ ಅಂತ ಬರೆದಿಲ್ವಾ?"

"ಅದು ಮಡಿಕೆಯೊಳಗಿದೆ."

ಅವಳು ನಕ್ಕಳೋ, ಕೆಮ್ಮಿದಳೋ. ಫೋನಿನಲ್ಲಿ ಗೊತ್ತಾಗಲಿಲ್ಲ, ಗೋಡೆಯಾಚೆಯಾಗಿದ್ದರೆ ಗೊತ್ತಾಗುತ್ತಿತ್ತು.

"ಬಿಚ್ಚಿ," ಎಂದಳು.

ಬೆನ್ನು ತಿರುಗಿಸಲು ಅಲ್ಲಿ ಯಾರೂ ಇರಲಿಲ್ಲ. ಒಲೆ, ಬಾಣಲೆ, ನಾನು. "ಬಾ, ಸಲ್ಮೆ," ಎಂದೆ. "ಒಬ್ಳಿಗೆ ಆಗ್ತಿಲ್ಲ."

ಅಲ್ಲಿ ಅವಳ ಅಣ್ಣ ಅವಳನ್ನು ಏನಕ್ಕೋ ಕೂಗಿದ. ಬಂದೆ ಎಂದು ಅವನಿಗೆ ಹೇಳಿದಳು. ನನಗೆ, "ನೋಡೋಣ," ಎಂದಳು.

ಆಮೇಲೆ ಇಬ್ಬರೂ ಫೋನು ಇಡಲಿಲ್ಲ. ಅವಳ ಕೋಳಿಗಳು ನನಗೆ ಕೇಳಿಸುತ್ತಿದ್ದವು, ನನ್ನ ಎಣ್ಣೆಯ ಸದ್ದು ಅವಳಿಗೆ ಕೇಳಿಸುತ್ತಿತ್ತೋ ಏನೋ. ಮಂದಾಜಿ ಸೀಯುವ ವಾಸನೆ ಬಂತು. ಎದ್ದು ತೆಗೆಯಲಿಲ್ಲ.